ಕಬ್ಬಿನ ಬಿಲ್ಲಿನ 14 ದಿನ ಮತ್ತು ರಾಜ್ಯಸಭೆಯ ಮೇಜು

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಕಬ್ಬು ಬೆಳೆಯುವ ಯಾರನ್ನೇ ಕೇಳಿ, 14 ದಿನದ ಮಾತು ಅವರಿಗೆ ಬಾಯಿಪಾಠ. ಕಾರ್ಖಾನೆಗೆ ಕಬ್ಬು ಹೋದ 14 ದಿನದೊಳಗೆ ಬಿಲ್ಲು ಆಗಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. ಪ್ರತಿ ಹಂಗಾಮಿನಲ್ಲೂ ರೈತರ ಸಭೆಗಳಲ್ಲಿ ಈ ಮಾತು ಬರುತ್ತದೆ. ಜಿಲ್ಲಾಧಿಕಾರಿಗೆ ಕೊಡುವ ಮನವಿಯಲ್ಲೂ ಬರುತ್ತದೆ.

ಈ 14 ದಿನಕ್ಕೆ ಸಂಸತ್ತಿನಲ್ಲಿ ಕೈ ಎತ್ತಿದವರು ಯಾರು? ಯಾರೂ ಇಲ್ಲ. ಕಬ್ಬಿನ ದರದ ಮೂಲ ಕಾಯ್ದೆ ಎಂದರೆ 1955ರ ಅಗತ್ಯ ವಸ್ತುಗಳ ಕಾಯ್ದೆ. ಅದರಲ್ಲಿ ಹುಡುಕಿದರೆ ಈ 14 ದಿನ ಸಿಗುವುದಿಲ್ಲ. ಅದು ಇರುವುದು 1966ರ ಕಬ್ಬು ನಿಯಂತ್ರಣ ಆದೇಶದ ಮೂರನೇ ಕಲಮಿನಲ್ಲಿ. ನಾವು ಎಫ್‌ಆರ್‌ಪಿ ಎನ್ನುವ, ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ ಪ್ರತಿ ವರ್ಷ ನಿಗದಿಯಾಗುವುದೂ ಅದೇ ಕಲಮಿನಡಿ. ಎರಡು ಸಕ್ಕರೆ ಕಾರ್ಖಾನೆಗಳ ನಡುವೆ ಕನಿಷ್ಠ 15 ಕಿಲೋಮೀಟರ್ ಅಂತರ ಇರಬೇಕು ಎಂಬ ನಿಬಂಧನೆಯನ್ನು 2006ರಲ್ಲಿ ಸೇರಿಸಿದ್ದೂ ಅದೇ ಆದೇಶಕ್ಕೆ. ಇದನ್ನೆಲ್ಲ ಬರೆದದ್ದು ದಿಲ್ಲಿಯ ಇಲಾಖೆ. ಸಂಸತ್ತು ಇಲಾಖೆಗೆ ಬರೆಯುವ ಅಧಿಕಾರ ಕೊಟ್ಟಿತ್ತು, ಇಲಾಖೆ ಬರೆಯಿತು.

ಹೀಗೆ ಕಾಯ್ದೆಯ ಕೆಳಗೆ ಸರ್ಕಾರ ಮಾಡುವ ನಿಯಮ, ಆದೇಶ, ಅಧಿಸೂಚನೆಗಳಿಗೆ ಒಟ್ಟಾಗಿ ಅಧೀನ ಶಾಸನ ಎನ್ನುತ್ತಾರೆ. ನಮ್ಮ ದಿನದ ಬದುಕಿಗೆ ತಾಗುವ ಕಾನೂನಿನಲ್ಲಿ ಬಹುಪಾಲು ಇದೇ. ಇದು ಬೇಕೇ ಬೇಕು. ಸಕ್ಕರೆ ಇಳುವರಿ ಎಷ್ಟಿದ್ದರೆ ಕ್ವಿಂಟಲಿಗೆ ಎಷ್ಟು ರೂಪಾಯಿ ಎಂದು ಪ್ರತಿ ವರ್ಷ ಮಸೂದೆ ತರುತ್ತಾ ಕೂತರೆ ಸಂಸತ್ತಿಗೆ ಬೇರೆ ಕೆಲಸ ಮಾಡಲು ಆಗುವುದಿಲ್ಲ. ಆದರೆ ಚರ್ಚೆಯಿಲ್ಲದೆ, ಮತವಿಲ್ಲದೆ ಬರುವ ಈ ಆದೇಶಗಳನ್ನು ಯಾರಾದರೂ ನೋಡಬೇಕಲ್ವಾ? ಆ ಕೆಲಸ ಎರಡೂ ಸದನಗಳದ್ದು. ಇಲ್ಲಿ ರಾಜ್ಯಸಭೆಯ ಕಡೆಯಿಂದ ನೋಡೋಣ. ಟಿವಿಯಲ್ಲಿ ಕಾಣುವ ಗದ್ದಲಕ್ಕಿಂತ ಈ ಕೆಲಸವೇ ಆ ಸದನ ನಮಗೆ ಕೊಡಬಹುದಾದ ದೊಡ್ಡ ಉಪಕಾರ ಎಂಬುದು ನನ್ನ ನಂಬಿಕೆ.

ಬೆಳಗ್ಗೆ 11 ಗಂಟೆಗೆ

ರಾಜ್ಯಸಭೆಯಲ್ಲಿ ಈಗ 245 ಸ್ಥಾನಗಳಿವೆ. 233 ಮಂದಿ ಚುನಾಯಿತರು, 12 ಮಂದಿ ರಾಷ್ಟ್ರಪತಿ ನಾಮಕರಣ ಮಾಡಿದವರು. ಕರ್ನಾಟಕದ ಪಾಲು 12. ಇವರನ್ನು ನಾವು ನೇರವಾಗಿ ಆರಿಸುವುದಿಲ್ಲ. ನಾವು ಗೆಲ್ಲಿಸಿದ ಶಾಸಕರು ಆರಿಸುತ್ತಾರೆ. ಅವಧಿ ಆರು ವರ್ಷ. ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗದಷ್ಟು ಸದಸ್ಯರು ನಿವೃತ್ತರಾಗುತ್ತಾರೆ. ಲೋಕಸಭೆಯ ಹಾಗೆ ಈ ಸದನ ವಿಸರ್ಜನೆ ಆಗುವುದೇ ಇಲ್ಲ. ಸಾರ್ವತ್ರಿಕ ಚುನಾವಣೆ ನಡೆಯುತ್ತಿರುವಾಗಲೂ ರಾಜ್ಯಸಭೆ ಇದ್ದೇ ಇರುತ್ತದೆ. ನಿಯಮಗಳ ಮೇಲೆ ಕಣ್ಣಿಡುವ ಕೆಲಸಕ್ಕೆ ಈ ಗುಣ ತುಂಬಾ ಮುಖ್ಯ, ಯಾಕೆಂದರೆ ಇಲಾಖೆಗಳು ಚುನಾವಣೆ ಬಂತೆಂದು ನಿಲ್ಲುವುದಿಲ್ಲ.

ಸದನದ ಪೀಠದಲ್ಲಿ ಕೂರುವವರು ಉಪರಾಷ್ಟ್ರಪತಿ. ಹುದ್ದೆಯ ಬಲದಿಂದಲೇ ಅವರು ಸಭಾಪತಿ. ನಮ್ಮ ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದ ಬಿ.ಡಿ. ಜತ್ತಿ ಅವರು 1974ರಿಂದ 1979ರವರೆಗೆ ಆ ಪೀಠದಲ್ಲಿದ್ದರು. ಅವರ ಕಾಲದ ಒಂದು ಘಟನೆಯನ್ನು ಮುಂದೆ ಹೇಳುತ್ತೇನೆ.

ಕಲಾಪ ಬೆಳಗ್ಗೆ 11ಕ್ಕೆ ಶುರು. ಆರಂಭದಲ್ಲೇ ಬರುವುದು ಕಾಗದಪತ್ರ ಮಂಡನೆ. ಒಬ್ಬೊಬ್ಬ ಮಂತ್ರಿ ಎದ್ದು ತಮ್ಮ ಹೆಸರಿನಲ್ಲಿರುವ ಕಾಗದಗಳನ್ನು ಸದನದ ಮೇಜಿನ ಮೇಲೆ ಇಡುತ್ತೇನೆ ಎಂದು ಹೇಳಿ ಕೂರುತ್ತಾರೆ. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯುತ್ತದೆ. ಆ ಕಾಗದಗಳಲ್ಲಿ ಇಲಾಖೆಗಳ ವಾರ್ಷಿಕ ವರದಿ ಇರುತ್ತದೆ, ಲೆಕ್ಕಪತ್ರ ಇರುತ್ತದೆ. ಅದರ ಜೊತೆಗೇ ಹೊಸ ನಿಯಮಗಳು, ತಿದ್ದುಪಡಿ ಆದೇಶಗಳು. ಅಧಿಸೂಚನೆಯ ಗುರುತಾದ ಜಿ.ಎಸ್.ಆರ್. ಅಥವಾ ಎಸ್.ಒ. ಎಂಬ ಅಕ್ಷರಗಳ ಮುಂದೆ ಒಂದು ಸಂಖ್ಯೆ, ಒಂದು ದಿನಾಂಕ, ಅಷ್ಟೇ. ಕಬ್ಬಿನ ಆದೇಶದ ತಿದ್ದುಪಡಿಯೂ ಹೀಗೇ ಬಂದು ಮೇಜಿನ ಮೇಲೆ ಕೂರುತ್ತದೆ.

ಅದಾದ ಮೇಲೆ ಶೂನ್ಯವೇಳೆ. ಸದಸ್ಯರು ತುರ್ತು ವಿಷಯಗಳನ್ನು ಎತ್ತುತ್ತಾರೆ. ಮಧ್ಯಾಹ್ನ 12ಕ್ಕೆ ಪ್ರಶ್ನೋತ್ತರ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಸದಸ್ಯರು ಅಲ್ಲೇ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ. ಕಬ್ಬಿನ ಬಾಕಿ ಎಷ್ಟು, ಬಡ್ಡಿ ಕೊಟ್ಟ ಕಾರ್ಖಾನೆಗಳು ಎಷ್ಟು ಎಂಬಂಥ ಲೆಕ್ಕ ಸರ್ಕಾರದ ಬಾಯಿಂದ ಹೊರಬರುವುದು ಹೆಚ್ಚಾಗಿ ಈ ಲಿಖಿತ ಉತ್ತರಗಳಲ್ಲೇ. ಊಟದ ನಂತರ ಮಸೂದೆಗಳು. ಶುಕ್ರವಾರ ಮಧ್ಯಾಹ್ನದ ಹೊತ್ತು ಖಾಸಗಿ ಸದಸ್ಯರದ್ದು, ಅಂದರೆ ಮಂತ್ರಿಗಳಲ್ಲದವರು ತರುವ ಮಸೂದೆ ಮತ್ತು ನಿರ್ಣಯಗಳಿಗೆ ಮೀಸಲು.

ಮಸೂದೆಯ ವಿಷಯದಲ್ಲಿ ಎರಡೂ ಸದನ ಬಹುಮಟ್ಟಿಗೆ ಸಮ. ಧನ ಮಸೂದೆಯನ್ನು (ಮನಿ ಬಿಲ್) ಮಾತ್ರ ರಾಜ್ಯಸಭೆ 14 ದಿನದೊಳಗೆ ವಾಪಸು ಕಳಿಸಬೇಕು, ತಡೆಯಲು ಬರುವುದಿಲ್ಲ. ಸಂವಿಧಾನ ತಿದ್ದುಪಡಿ ಬಿಟ್ಟು ಉಳಿದ ಮಸೂದೆಗಳಲ್ಲಿ ಎರಡು ಸದನಕ್ಕೂ ಒಪ್ಪಿಗೆಯಾಗದಿದ್ದರೆ ಜಂಟಿ ಅಧಿವೇಶನ ಕರೆಯಬಹುದು. ಇದುವರೆಗೆ ಮೂರೇ ಮೂರು ಮಸೂದೆಗಳಿಗೆ ಹಾಗಾಗಿದೆ. 1961ರಲ್ಲಿ ವರದಕ್ಷಿಣೆ ನಿಷೇಧ, 1978ರಲ್ಲಿ ಬ್ಯಾಂಕಿಂಗ್ ಸೇವಾ ಆಯೋಗ ರದ್ದತಿ, 2002ರಲ್ಲಿ ಭಯೋತ್ಪಾದನೆ ತಡೆಯ ಪೋಟಾ. ಇವುಗಳಲ್ಲಿ ನಡುವಿನದು ಜತ್ತಿಯವರ ಕಾಲದ್ದು. ಲೋಕಸಭೆ ಒಪ್ಪಿದ್ದ ಮಸೂದೆಯನ್ನು ರಾಜ್ಯಸಭೆ 1977ರ ಡಿಸೆಂಬರ್‌ನಲ್ಲಿ ತಿರಸ್ಕರಿಸಿತು. ಜಂಟಿ ಅಧಿವೇಶನ ನಡೆಸುವುದು ಲೋಕಸಭೆಯ ಸ್ಪೀಕರ್. ಆಗ ಆ ಹುದ್ದೆಯಲ್ಲಿದ್ದವರೂ ಕನ್ನಡಿಗರೇ, ಕೆ.ಎಸ್. ಹೆಗ್ಡೆ. ಒಂದು ಸದನಕ್ಕೆ ಸಾವಳಗಿಯವರು, ಇನ್ನೊಂದಕ್ಕೆ ಆಗಿನ ದಕ್ಷಿಣ ಕನ್ನಡದವರು. ನಮ್ಮ ಶಾಲೆಯ ಪಾಠಗಳಲ್ಲಿ ಇದು ಬರಬೇಕಿತ್ತು ಅನ್ನಿಸುತ್ತದೆ.

ಮೇಜಿನ ಮೇಲೆ ಇಟ್ಟರೆ ಏನಾಗುತ್ತದೆ?

ಇದೇ ಈ ವಿಷಯದ ಗಟ್ಟಿ ಭಾಗ. ಒಂದು ಆದೇಶವನ್ನು ಸದನದ ಮುಂದೆ ಇಟ್ಟ ಮಾತ್ರಕ್ಕೆ ಸದನಕ್ಕೆ ಅದರ ಮೇಲೆ ಹಿಡಿತ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಿಲ್ಲ. ಹಿಡಿತ ಎಷ್ಟು ಎಂಬುದು ಮೂಲ ಕಾಯ್ದೆಯಲ್ಲಿ ಬರೆದ ಒಂದೇ ಒಂದು ವಾಕ್ಯದ ಮೇಲೆ ನಿಂತಿದೆ. ಆ ವಾಕ್ಯ ಮೂರು ಬಗೆಯಲ್ಲಿ ಇರುತ್ತದೆ.

ಒಂದು ಬಗೆಯಲ್ಲಿ ಸರ್ಕಾರ ಆದೇಶವನ್ನು ಸದನದ ಮುಂದೆ ಇಟ್ಟರೆ ಸಾಕು. ಮುಂದೇನು ಎಂಬುದರ ಬಗ್ಗೆ ಕಾಯ್ದೆ ಮಾತಾಡುವುದಿಲ್ಲ. ಸದನಕ್ಕೆ ತಿಳಿಸಿದಂತಾಯಿತು, ಅಷ್ಟೇ.

ಎರಡನೆಯದು ಈಗಿನ ಕಾಯ್ದೆಗಳಲ್ಲಿ ಜಾಸ್ತಿ ಕಾಣುವ ಬಗೆ. ನಿಯಮವನ್ನು ಅಧಿವೇಶನ ನಡೆಯುವಾಗ ಒಟ್ಟು 30 ದಿನ ಎರಡೂ ಸದನಗಳ ಮುಂದೆ ಇಡಬೇಕು. ಒಂದೇ ಅಧಿವೇಶನದಲ್ಲಿ 30 ದಿನ ಆಗದಿದ್ದರೆ ಮುಂದಿನ ಅಧಿವೇಶನಕ್ಕೂ ಎಣಿಕೆ ಮುಂದುವರಿಯುತ್ತದೆ. ಕಾಯ್ದೆ ಕೊಟ್ಟ ಗಡುವಿನೊಳಗೆ ಎರಡೂ ಸದನಗಳು ಸೇರಿ ಬದಲಿಸಿ ಎಂದರೆ ನಿಯಮ ಬದಲಾಗುತ್ತದೆ, ಬೇಡ ಎಂದರೆ ಬಿದ್ದುಹೋಗುತ್ತದೆ. ಅಲ್ಲಿಯವರೆಗೆ ಆ ನಿಯಮದಡಿ ಆದ ಕೆಲಸ ಊರ್ಜಿತವಾಗಿಯೇ ಉಳಿಯುತ್ತದೆ.

ಮೂರನೆಯದು ಅಪರೂಪ. ಸದನ ಒಪ್ಪಿಗೆ ಕೊಡದಿದ್ದರೆ ಆದೇಶಕ್ಕೆ ಜೀವವೇ ಇಲ್ಲ. ಇದರ ಜಾತಿಗೇ ಸೇರಿದ, ಎಲ್ಲರಿಗೂ ಗೊತ್ತಿರುವ ಉದಾಹರಣೆ ರಾಷ್ಟ್ರಪತಿ ಆಳ್ವಿಕೆ. ಆ ಘೋಷಣೆಗೆ ಎರಡು ತಿಂಗಳೊಳಗೆ ಎರಡೂ ಸದನಗಳ ಒಪ್ಪಿಗೆ ಬೇಕು ಎಂದು ಸಂವಿಧಾನವೇ ಹೇಳುತ್ತದೆ. ನಮ್ಮ ಎಸ್.ಆರ್. ಬೊಮ್ಮಾಯಿ ಅವರ ಪ್ರಕರಣದಲ್ಲಿ 1994ರಲ್ಲಿ ಸುಪ್ರೀಂ ಕೋರ್ಟ್ ಈ ಒಪ್ಪಿಗೆಗೆ ಇನ್ನಷ್ಟು ತೂಕ ಕೊಟ್ಟಿತು. ಎರಡೂ ಸದನ ಒಪ್ಪುವವರೆಗೆ ರಾಜ್ಯದ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ ಎಂದಿತು.

ಈಗ ನಮ್ಮ ಕಬ್ಬಿನ ಆದೇಶ ಯಾವ ಬಗೆಗೆ ಸೇರುತ್ತದೆ? ಅಗತ್ಯ ವಸ್ತುಗಳ ಕಾಯ್ದೆಯ ಸೆಕ್ಷನ್ 3ರ ಆರನೇ ಉಪವಿಧಿ ನೋಡಿ. ಕೇಂದ್ರ ಸರ್ಕಾರ ಮಾಡಿದ ಪ್ರತಿ ಆದೇಶವನ್ನು ಆದಷ್ಟು ಬೇಗ ಸಂಸತ್ತಿನ ಎರಡೂ ಸದನಗಳ ಮುಂದೆ ಇಡಬೇಕು ಎಂದಿದೆ. ಅಲ್ಲಿಗೆ ಮುಗಿಯಿತು. 30 ದಿನ ಇಲ್ಲ, ಬದಲಿಸುವ ಮಾತಿಲ್ಲ, ರದ್ದು ಮಾಡುವ ಮಾತಿಲ್ಲ. ಎಲ್ಲಕ್ಕಿಂತ ದುರ್ಬಲವಾದ ಬಗೆ ಇದು.

ಇನ್ನೂ ಒಂದು ಸಂಗತಿ ಇದೆ. ಸರ್ಕಾರ ಇಡುವುದನ್ನೇ ಮರೆತರೆ? ಇದೇ ಉಪವಿಧಿಯ ಬಗ್ಗೆ 1979ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಪ್ರಶ್ನೆ ಬಂತು. ಅಟ್ಲಾಸ್ ಸೈಕಲ್ ಕಂಪನಿ ಮತ್ತು ಹರಿಯಾಣ ಸರ್ಕಾರದ ನಡುವಿನ ಪ್ರಕರಣ, ಕಬ್ಬಿಣ ಮತ್ತು ಉಕ್ಕಿನ ದರಕ್ಕೆ ಸಂಬಂಧಿಸಿದ್ದು. ಅಧಿಸೂಚನೆಯನ್ನು ಸದನದ ಮುಂದೆ ಇಟ್ಟಿಲ್ಲ ಎಂಬ ಕಾರಣಕ್ಕೆ ಅದು ಅನೂರ್ಜಿತ ಆಗುವುದಿಲ್ಲ ಎಂದು ಕೋರ್ಟ್ ಹೇಳಿತು. ಇಡದಿದ್ದರೆ ಏನಾಗುತ್ತದೆ ಎಂದು ಕಾಯ್ದೆಯೇ ಹೇಳಿಲ್ಲವಲ್ಲ ಎಂಬುದು ಕೋರ್ಟ್ ನೋಡಿದ ಕಾರಣಗಳಲ್ಲಿ ಒಂದು. ಲಕ್ಷಾಂತರ ರೈತರ ದರ ತೀರ್ಮಾನಿಸುವ ಆದೇಶಕ್ಕೆ ಇಷ್ಟು ಸಡಿಲ ಕಾವಲು ಸಾಲದು. ಬೇರೆ ಕಾಯ್ದೆಗಳಲ್ಲಿ ಇರುವ 30 ದಿನದ ವಾಕ್ಯವನ್ನು ಇಲ್ಲಿಗೂ ಸೇರಿಸಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಒಬ್ಬ ಸದಸ್ಯ ಎದ್ದು ನಿಂತರೆ

30 ದಿನದ ವಾಕ್ಯ ಇದ್ದರೆ ಏನು ಸಾಧ್ಯ ಎಂಬುದಕ್ಕೆ 2012ರ ಮೇ ತಿಂಗಳ ಒಂದು ಚರ್ಚೆ ಸಾಕು. ಇಂಟರ್‌ನೆಟ್ ಕಂಪನಿಗಳಿಗೆ ಸಂಬಂಧಿಸಿದಂತೆ ಸರ್ಕಾರ 2011ರಲ್ಲಿ ನಿಯಮ ಮಾಡಿತ್ತು. ಯಾರಾದರೂ ದೂರು ಕೊಟ್ಟರೆ ಬರಹವನ್ನು ತೆಗೆಯಬೇಕಾದ ಸ್ಥಿತಿ ಅದರಿಂದ ಬರುತ್ತದೆ ಎಂಬ ಆತಂಕ ಇತ್ತು. ಕೇರಳದ ರಾಜ್ಯಸಭಾ ಸದಸ್ಯ ಪಿ. ರಾಜೀವ್ ಆ ನಿಯಮಗಳನ್ನೇ ರದ್ದು ಮಾಡಬೇಕು ಎಂಬ ಸೂಚನೆ ತಂದರು. ಸದನದಲ್ಲಿ ಸವಿಸ್ತಾರ ಚರ್ಚೆ ಆಯಿತು. ವಿರೋಧ ಪಕ್ಷದ ನಾಯಕರಾಗಿದ್ದ ಅರುಣ್ ಜೇಟ್ಲಿ ಕೂಡ ನಿಯಮಗಳ ಬಗ್ಗೆ ಆಕ್ಷೇಪ ಎತ್ತಿದರು. ಎಲ್ಲರ ಜೊತೆ ಕೂತು ಮಾತಾಡುತ್ತೇವೆ ಎಂದು ಮಂತ್ರಿ ಕಪಿಲ್ ಸಿಬಲ್ ಭರವಸೆ ಕೊಟ್ಟರು. ಸೂಚನೆ ಮತಕ್ಕೆ ಹೋಗಿ ಸೋತಿತು.

ಸೋತಿತಲ್ಲ, ಏನು ಪ್ರಯೋಜನ ಎನ್ನಬಹುದು. ಇಲಾಖೆಯೊಳಗೆ ಬರೆದ ನಿಯಮದ ಒಂದೊಂದು ಕಲಮಿನ ಬಗ್ಗೆ ಮಂತ್ರಿ ಸದನದಲ್ಲಿ ನಿಂತು ಉತ್ತರ ಕೊಡಬೇಕಾಯಿತು, ಅದೆಲ್ಲ ದಾಖಲೆಗೆ ಹೋಯಿತು. ಇದು ಚಿಕ್ಕದಲ್ಲ. ಸೂಚನೆ ಗೆದ್ದಿದ್ದರೂ ಅಷ್ಟಕ್ಕೇ ನಿಯಮ ಬೀಳುತ್ತಿರಲಿಲ್ಲ, ಲೋಕಸಭೆಯೂ ಒಪ್ಪಬೇಕಿತ್ತು. ಹಾಗಾಗಿ ನಿಯಮ ರದ್ದು ಮಾಡುವ ಬಲ ರಾಜ್ಯಸಭೆಗೆ ಇದೆ, ಆದರೆ ಒಂಟಿಯಾಗಿ ಇಲ್ಲ.

ದಿನನಿತ್ಯದ ಪರಿಶೀಲನೆ ನಡೆಯುವುದು ಸಮಿತಿಯಲ್ಲಿ. ರಾಜ್ಯಸಭೆಯ ಅಧೀನ ಶಾಸನ ಸಮಿತಿ ಶುರುವಾದದ್ದು 1964ರಲ್ಲಿ. ಸಭಾಪತಿ ನೇಮಿಸುವ 15 ಸದಸ್ಯರು ಅದರಲ್ಲಿರುತ್ತಾರೆ. ಮೇಜಿಗೆ ಬಂದ ನಿಯಮಗಳನ್ನು ಅವರು ಕೂತು ಓದುತ್ತಾರೆ. ಕಾಯ್ದೆ ಕೊಟ್ಟ ಅಧಿಕಾರವನ್ನು ಇಲಾಖೆ ದಾಟಿದೆಯೇ? ನಿಯಮದ ಹೆಸರಿನಲ್ಲಿ ತೆರಿಗೆ ಹಾಕಿದೆಯೇ? ಕೋರ್ಟಿಗೆ ಹೋಗುವ ದಾರಿ ಮುಚ್ಚಿದೆಯೇ? ಅಧಿಕಾರ ಇಲ್ಲದೆಯೇ ಹಿಂದಿನ ದಿನಾಂಕದಿಂದ ಜಾರಿ ಮಾಡಿದೆಯೇ? ಪ್ರಕಟಿಸುವುದು ಅಥವಾ ಸದನದ ಮುಂದೆ ಇಡುವುದು ತಡವಾಯಿತೇ? ಬರವಣಿಗೆ ಅರ್ಥವಾಗದಂತೆ ಇದೆಯೇ? ನೀತಿ ಸರಿಯೋ ತಪ್ಪೋ ಎಂಬುದಕ್ಕಿಂತ, ಕೊಟ್ಟ ಅಧಿಕಾರವನ್ನು ಸರಿಯಾಗಿ ಬಳಸಿದ್ದೀರಾ ಎಂಬುದೇ ಸಮಿತಿಯ ಮುಖ್ಯ ಪ್ರಶ್ನೆ. ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ, ವರದಿ ಕೊಡುತ್ತದೆ. ವರದಿ ಪಾಲಿಸಲೇಬೇಕು ಎಂಬ ಕಟ್ಟುಪಾಡಿಲ್ಲ. ಆದರೆ ಶಿಫಾರಸಿನ ಮೇಲೆ ಏನು ಮಾಡಿದೆವು ಎಂದು ಇಲಾಖೆ ಉತ್ತರಿಸಬೇಕು.

ನಿಯಮ ಮಾಡದೆ ಕೂರುವುದನ್ನೂ ಸಮಿತಿ ಗಮನಿಸುತ್ತದೆ. ಕಾಯ್ದೆ ಬಂದ ಆರು ತಿಂಗಳೊಳಗೆ ನಿಯಮ ಆಗಬೇಕು, ಆಗದಿದ್ದರೆ ಸಮಿತಿಯ ಮುಂದೆ ಕಾರಣ ಹೇಳಿ ಸಮಯ ಕೇಳಬೇಕು. ಪೌರತ್ವ ತಿದ್ದುಪಡಿ ಕಾಯ್ದೆ 2019ರ ಡಿಸೆಂಬರ್‌ನದು. ಅದರ ನಿಯಮಗಳು ಬಂದದ್ದು 2024ರ ಮಾರ್ಚ್‌ನಲ್ಲಿ. ಈ ನಡುವೆ ಗೃಹ ಸಚಿವಾಲಯ ಎರಡೂ ಸದನಗಳ ಸಮಿತಿಗಳಿಂದ ಮತ್ತೆ ಮತ್ತೆ ಸಮಯ ಪಡೆಯುತ್ತಾ ಬಂತು.

ಕಬ್ಬಿನ ಆದೇಶ ತಿದ್ದಿದ ಬಗೆ

ಕಾಯ್ದೆಯ ವಾಕ್ಯ ದುರ್ಬಲವಾಗಿದ್ದರೂ ಸಂಸತ್ತಿಗೆ ಬೇರೆ ದಾರಿಗಳಿವೆ. 2009ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಕಬ್ಬು ನಿಯಂತ್ರಣ ಆದೇಶಕ್ಕೆ ದೊಡ್ಡ ತಿದ್ದುಪಡಿ ತಂದಿತು. ಹಳೆಯ ಶಾಸನಬದ್ಧ ಕನಿಷ್ಠ ದರ ಹೋಗಿ ಎಫ್‌ಆರ್‌ಪಿ ಬಂದದ್ದು ಆಗಲೇ. ಅದರ ಜೊತೆ 3ಬಿ ಎಂಬ ಕಲಂ ಒಂದಿತ್ತು. ಯಾವುದಾದರೂ ರಾಜ್ಯ ಎಫ್‌ಆರ್‌ಪಿಗಿಂತ ಜಾಸ್ತಿ ದರ ಘೋಷಿಸಿದರೆ ಆ ವ್ಯತ್ಯಾಸದ ಹಣವನ್ನು ಕಾರ್ಖಾನೆಯ ಬದಲು ರಾಜ್ಯ ಸರ್ಕಾರವೇ ಕೊಡಬೇಕು ಎಂದು ಅದು ಹೇಳುತ್ತಿತ್ತು. ಉತ್ತರ ಪ್ರದೇಶದ ರೈತರು ದಿಲ್ಲಿಗೆ ಬಂದರು. ನವೆಂಬರ್‌ನಲ್ಲಿ ಚಳಿಗಾಲದ ಅಧಿವೇಶನ ಶುರುವಾದ ದಿನವೇ ಸಂಸತ್ತಿನಲ್ಲಿ ಇದೇ ಗದ್ದಲ. ಕೊನೆಗೆ ಸರ್ಕಾರ 3ಬಿಯನ್ನು ಕೈಬಿಟ್ಟಿತು. ಎಫ್‌ಆರ್‌ಪಿ ಉಳಿಯಿತು.

ಆ 3ಬಿ ಉಳಿದಿದ್ದರೆ ನಮ್ಮ ಕಡೆಯ ಹೋರಾಟಗಳ ದಾರಿ ಬೇರೆಯೇ ಆಗಿರುತ್ತಿತ್ತು. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕೂತರು. ರಾಜ್ಯ ಸರ್ಕಾರ ನಡುವೆ ಬಂದು 3,300 ರೂಪಾಯಿಗೆ ತೀರ್ಮಾನ ಆಯಿತು. ಆ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ ಇತ್ತು, ಅಂದರೆ ಟನ್ನಿಗೆ 3,550. ಕಾಗದದ ದರ ರೈತರು ಕೇಳಿದ್ದಕ್ಕಿಂತ ಜಾಸ್ತಿಯೇ ಇದೆಯಲ್ಲ ಎನ್ನಿಸಬಹುದು. ಆದರೆ ಎಫ್‌ಆರ್‌ಪಿ ಕಾರ್ಖಾನೆಯ ಬಾಗಿಲಲ್ಲಿನ ದರ. ಕಟಾವು ಮತ್ತು ಸಾಗಣೆ ಖರ್ಚು ಅದರಲ್ಲೇ ಕಳೆಯುತ್ತದೆ. ಇಳುವರಿ ಕಡಿಮೆ ಎಂದು ಬರೆದರೆ ದರವೂ ಇಳಿಯುತ್ತದೆ. ಇಳುವರಿಯನ್ನು ಯಾರು ಅಳೆಯಬೇಕು, ಖರ್ಚು ಎಷ್ಟು ಕಳೆಯಬಹುದು ಎಂಬ ಜಗಳಗಳು ಹುಟ್ಟುವುದು ಆದೇಶದ ಸಣ್ಣ ಅಕ್ಷರಗಳಲ್ಲಿ. ಸದನ ಕಣ್ಣಿಡಬೇಕಾದ ಜಾಗವೂ ಅದೇ.

ಸುವರ್ಣ ಸೌಧದಲ್ಲಿ ಕೂರುವ ಮೇಲ್ಮನೆ

ಮೇಲ್ಮನೆ ಎಂದರೆ ನಮಗೆ ಮೊದಲು ನೆನಪಾಗುವುದು ವಿಧಾನ ಪರಿಷತ್ತು. 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಸುವರ್ಣ ವಿಧಾನ ಸೌಧ ಉದ್ಘಾಟಿಸಿದ ಮೇಲೆ ಚಳಿಗಾಲದಲ್ಲಿ ಅದು ನಮ್ಮೂರು ಬೆಳಗಾವಿಗೇ ಬಂದು ಕೂರುತ್ತದೆ. 75 ಸ್ಥಾನ. ಶಾಸಕರು ಆರಿಸುವ 25, ಸ್ಥಳೀಯ ಸಂಸ್ಥೆಗಳಿಂದ 25, ಪದವೀಧರರು 7, ಶಿಕ್ಷಕರು 7, ರಾಜ್ಯಪಾಲರ ನಾಮಕರಣ 11. ನಮ್ಮ ಮೂರು ಜಿಲ್ಲೆ ಸೇರಿ ವಾಯವ್ಯ ಪದವೀಧರ ಮತ್ತು ವಾಯವ್ಯ ಶಿಕ್ಷಕರ ಕ್ಷೇತ್ರ. ದೇಶದಲ್ಲಿ ಈಗ ಆರು ರಾಜ್ಯಗಳಲ್ಲಿ ಮಾತ್ರ ಪರಿಷತ್ತು ಇದೆ.

ಮಸೂದೆಗಳಲ್ಲಿ ಪರಿಷತ್ತಿನ ಬಲ ರಾಜ್ಯಸಭೆಗಿಂತ ತುಂಬಾ ಕಡಿಮೆ. ಇಲ್ಲಿ ಜಂಟಿ ಅಧಿವೇಶನ ಇಲ್ಲ. ವಿಧಾನಸಭೆ ಒಪ್ಪಿದ ಮಸೂದೆಯನ್ನು ಪರಿಷತ್ತು ಮೊದಲ ಸಲ ಮೂರು ತಿಂಗಳು ಹಿಡಿದಿಡಬಹುದು. ವಿಧಾನಸಭೆ ಮತ್ತೆ ಒಪ್ಪಿ ಕಳಿಸಿದರೆ ಒಂದು ತಿಂಗಳು. ಆಮೇಲೆ ಎರಡೂ ಸದನ ಒಪ್ಪಿದಂತೆಯೇ ಲೆಕ್ಕ. ಹಾಗಿದ್ದರೂ ಆ ತಡೆಗೆ ಬೆಲೆ ಇದೆ. 2021ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲೇ ವಿಧಾನಸಭೆ ಒಪ್ಪಿದ ಮತಾಂತರ ಸಂಬಂಧಿ ಮಸೂದೆಯನ್ನು ಸರ್ಕಾರ ಆಗ ಪರಿಷತ್ತಿಗೆ ತರಲಿಲ್ಲ, ಅಲ್ಲಿ ಬಹುಮತ ಇರಲಿಲ್ಲ. 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ತಂದರು, ಪರಿಷತ್ತಿನ ಒಪ್ಪಿಗೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. 2024ರ ಫೆಬ್ರವರಿಯಲ್ಲಿ ಸರ್ಕಾರ ಬೇರೆ ಪಕ್ಷದ್ದು, ಪರಿಷತ್ತು ಮುಜರಾಯಿ ತಿದ್ದುಪಡಿ ಮಸೂದೆಯನ್ನು ಧ್ವನಿಮತದಲ್ಲಿ ಬೀಳಿಸಿತು. ವಿಧಾನಸಭೆ ಮತ್ತೆ ಒಪ್ಪಬೇಕಾಯಿತು. ಯಾವ ಪಕ್ಷ ಆಳಿದರೂ ಮೇಲ್ಮನೆ ಒಮ್ಮೆ ನಿಲ್ಲಿಸಿ ಕೇಳುತ್ತದೆ.

ನಿಯಮಗಳ ವಿಷಯಕ್ಕೆ ಬಂದರೆ ಪರಿಷತ್ತಿನ ಸ್ಥಾನ ಏರುತ್ತದೆ. ರಾಜ್ಯದ ಕಾಯ್ದೆಗಳಲ್ಲಿ ಸಾಮಾನ್ಯವಾಗಿ 30 ದಿನದ ವಾಕ್ಯ ಇರುತ್ತದೆ, ಅದರಲ್ಲಿ ಎರಡೂ ಸದನ ಎಂದೇ ಬರೆದಿರುತ್ತದೆ. ಮಸೂದೆಯಲ್ಲಿ ಕೊನೆಯ ಮಾತು ವಿಧಾನಸಭೆಯದು, ಆದರೆ ನಿಯಮ ಬದಲಿಸಲು ಇಬ್ಬರ ಒಪ್ಪಿಗೆಯೂ ಬೇಕು. ಪಂಚಾಯಿತಿ ನಿಯಮ, ಶಿಕ್ಷಕರ ನೇಮಕಾತಿ ನಿಯಮ, ಎಪಿಎಂಸಿ ನಿಯಮ ಇವೆಲ್ಲ ಹೀಗೆ ಸದನಕ್ಕೆ ಬರುವಂಥವು. ಶಿಕ್ಷಕರು ಮತ್ತು ಪಂಚಾಯಿತಿ ಸದಸ್ಯರು ಆರಿಸಿ ಕಳಿಸಿದವರೇ ಪರಿಷತ್ತಿನಲ್ಲಿ ಕೂತಿರುವಾಗ ಆ ನಿಯಮಗಳನ್ನು ಓದಲು ಅವರಿಗಿಂತ ತಕ್ಕವರು ಯಾರಿದ್ದಾರೆ?

ಓದುಗರಿಗೆ ಇದರಲ್ಲಿ ಕೈ ಹಾಕಲು ಜಾಗ ಇದೆ. ಎಷ್ಟೋ ಕಾಯ್ದೆಗಳು ನಿಯಮದ ಕರಡನ್ನು ಮೊದಲು ರಾಜ್ಯಪತ್ರದಲ್ಲಿ ಪ್ರಕಟಿಸಿ ಆಕ್ಷೇಪಣೆ ಮತ್ತು ಸಲಹೆ ಕೇಳಬೇಕು ಎನ್ನುತ್ತವೆ. ಬಂದ ಆಕ್ಷೇಪಣೆಗಳನ್ನು ಇಲಾಖೆ ಪರಿಗಣಿಸಲೇಬೇಕು. 2024ರ ಆಗಸ್ಟ್‌ನಲ್ಲಿ ಹೊಸ ಸಕ್ಕರೆ ನಿಯಂತ್ರಣ ಆದೇಶದ ಕರಡನ್ನು ಹೀಗೇ ಸಲಹೆಗೆ ಬಿಟ್ಟಿದ್ದರು. 2025ರ ಮೇ ತಿಂಗಳಲ್ಲಿ ಅದು ಜಾರಿಗೆ ಬಂತು, ಹಳೆಯ ವಿಧಾನದಲ್ಲಿ ಸಕ್ಕರೆ ಮಾಡುವ ದೊಡ್ಡ ಖಂಡಸಾರಿ ಘಟಕಗಳೂ ಅದರ ವ್ಯಾಪ್ತಿಗೆ ಸೇರಿದವು. ಕರಡು ಬಂದಾಗ ಬರೆಯುವ ಒಂದು ಪುಟ, ಆದೇಶ ಬಂದ ಮೇಲೆ ರಸ್ತೆಯಲ್ಲಿ ಕೂರುವ ಎಷ್ಟೋ ದಿನಗಳನ್ನು ಉಳಿಸಬಲ್ಲದು.

ಆ ಹಂತ ತಪ್ಪಿದರೆ ರಾಜ್ಯಸಭೆಯ ಅರ್ಜಿ ಸಮಿತಿ ಇದೆ. ಕನ್ನಡದಲ್ಲೇ ಅರ್ಜಿ ಬರೆಯಬಹುದು, ಜೊತೆಗೆ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಇರಬೇಕು. ನಮ್ಮ ರಾಜ್ಯಸಭಾ ಸದಸ್ಯರಿಗೆ ನೇರವಾಗಿ ಬರೆದು ಪ್ರಶ್ನೆ ಕೇಳಿಸಬಹುದು. ನಮ್ಮ ಭಾಗದವರೇ ಅಲ್ಲಿಗೆ ಹೋಗಿದ್ದಾರೆ. 2020ರಲ್ಲಿ ಮೂಡಲಗಿ ತಾಲ್ಲೂಕು ಕಲ್ಲೋಳಿಯ ಈರಣ್ಣ ಕಡಾಡಿ, 2024ರಲ್ಲಿ ಬಾಗಲಕೋಟೆಯ ನಾರಾಯಣಸಾ ಭಾಂಡಗೆ ಆಯ್ಕೆಯಾದರು. ಬರೆಯುವಾಗ ಕಬ್ಬಿನ ಬಾಕಿ ಕೊಡಿಸಿ ಎಂದಷ್ಟೇ ಬರೆದರೆ ಅದು ಮನವಿಗಳ ರಾಶಿಗೆ ಸೇರುತ್ತದೆ. ಕಬ್ಬು ನಿಯಂತ್ರಣ ಆದೇಶದ ಮೂರನೇ ಕಲಮಿನಡಿ ಕಳೆದ ಹಂಗಾಮಿನಲ್ಲಿ 14 ದಿನ ಮೀರಿದ ಬಿಲ್ಲುಗಳೆಷ್ಟು, ಅವುಗಳ ಮೇಲೆ ಬಡ್ಡಿ ಕೊಟ್ಟ ಕಾರ್ಖಾನೆಗಳು ಯಾವುವು, ಜಿಲ್ಲಾವಾರು ಲೆಕ್ಕ ಕೊಡಿ ಎಂದು ಬರೆಯಿರಿ. ಆ ಸಾಲನ್ನು ಸದಸ್ಯರು ಹಾಗೇ ಪ್ರಶ್ನೆಯಾಗಿ ಕೊಡಬಹುದು.